ಅಕ್ಕನಿಗೆ ಕಾಣುವಂಥ ಪುಸ್ತಕ

ಕೆಂಪು ಶಾಯಿಗೆ ಎಣ್ಣೆ ತುಸು ಜಾಸ್ತಿಯಾಗಿತ್ತು, ಅಷ್ಟೇ. ಡೊಂಬಿವಲಿಯ ಒಂಟಿ ಕೋಣೆಯಲ್ಲಿ ಜಾಗ ಸಾಲದೆ ಪುಂಡರೀಕಾಕ್ಷ ತಾನು ಅಚ್ಚು ಹಾಕಿದ ಹಾಳೆಗಳನ್ನು ಮೆಟ್ಟಿಲ ಕಂಬಿಗೆ ಹಗ್ಗ ಕಟ್ಟಿ ಒಣಹಾಕಿದ್ದ. ಒಂದು ಹನಿ ಕೆಳಗೆ ಹೋಗುತ್ತಿದ್ದ ಅಮಿತಾಬಾಯಿಯ ಹಾಲಿನ ಪಾತ್ರೆಗೆ ಬಿತ್ತು. ಆಕೆ ತಲೆ ಎತ್ತಿದಳು. ರುಂಡವಿಲ್ಲದ ಮುಂಡ, ಅದರ ಮೇಲೊಂದು ಹದ್ದು, ಪಕ್ಕದಲ್ಲಿ ಎದೆ ಬಡಿದುಕೊಳ್ಳುವ ಹೆಂಗಸರು. ಆಕೆಯ ಕೂಗಿನ ಮುಂದೆ ಲೋಕಲ್ ಟ್ರೇನಿನ ಹಾರ್ನು ಕೊಳಲಿನಂತೆ ಕೇಳಿಸಿತು.

ಪುಂಡರೀಕಾಕ್ಷ ಆಗ ಸ್ನಾನದಲ್ಲಿದ್ದ. ಮಧ್ಯಾಹ್ನದೊಳಗೆ ಹಾಳೆ ಹೊಲಿದು ಟಿಟ್ವಾಳಾದ ಅಕ್ಕನಿಗೆ ಪುಸ್ತಕ ಒಪ್ಪಿಸಬೇಕಿತ್ತು. ತಾಯಿಯಿಲ್ಲದ ಅವನನ್ನು ಚಿಕ್ಕಂದಿನಲ್ಲಿ ಬಾಗಿ ಎಂಬ ಈ ಅಕ್ಕನೇ ಹಳಗನ್ನಡದ ಯುದ್ಧಕಾವ್ಯ ಹಾಡಿ ಮಲಗಿಸುತ್ತಿದ್ದಳು. ತಲೆಗಳು ಉರುಳುವ ಪದ್ಯ ಬಂದರೇ ಅವನಿಗೆ ನಿದ್ದೆ. ಈಗ ಅವಳ ಕಣ್ಣು ಹೋಗುತ್ತಿತ್ತು. ದಪ್ಪ ಕಪ್ಪು, ದಪ್ಪ ಕೆಂಪು ಬಿಟ್ಟರೆ ಏನೂ ಕಾಣದು, ಅದೂ ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ಅದಕ್ಕೇ ಅವನು ರಬಾಳೆಯ ಫ್ಯಾಕ್ಟರಿಯಿಂದ ಬಂದವನೇ ಮರದ ಹಲಗೆಗಳ ಮೇಲೆ ಆ ಕಾವ್ಯದ ಚಿತ್ರಗಳನ್ನೂ ಸಾಲುಗಳನ್ನೂ ಕೆತ್ತುತ್ತ ಕೂರುತ್ತಿದ್ದ. ಉಳಿ ಜಾರಿ ಹೆಬ್ಬೆರಳಿನ ತುದಿಯೇ ಹೋಗಿತ್ತು.

ಹೊರಗೆ ಕಟ್ಟಡವೇ ನೆರೆದಿತ್ತು. "ಕಾಲಾ ಜಾದೂ ಹೈ," ಅಂದ ಸೊಸೈಟಿಯ ಸೆಕ್ರೆಟರಿ ಮನೀಶ. ಬರಹ ಓದಿಸಲು ಮೇಲಿನ ಮಹಡಿಯಿಂದ ಕಲಬುರಗಿಯ ಹಣಮಂತ್ರಾಯನನ್ನು ಕರೆತಂದರು.

ಅವನು ಕನ್ನಡಕ ಏರಿಸಿ ನೋಡಿದ. "ಅಕ್ಷರ ನಮ್ಮವೇ ಅದಾವ್ರಿ. ಆದ್ರ ಒಂದೂ ತಿಳೀವಲ್ದು. ಮಂತ್ರಾನೇ ಇರಬೇಕು."

ಮೈಯೆಲ್ಲ ಸೋಪು, ಸೊಂಟಕ್ಕೆ ಟವೆಲ್ಲು. ಪುಂಡರೀಕಾಕ್ಷ ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಹಾಳೆಗಳು ಕರ್ಪೂರ, ನಿಂಬೆಹಣ್ಣಿನ ಜೊತೆ ಉರಿಯುತ್ತಿದ್ದವು.

"ಅಯ್ಯೋ, ಅದು ನನ್ನ ಅಕ್ಕನಿಗೆ ಮಾಡಿದ್ದು ಮಾರಾಯ್ರೆ!"

"ಒಡಹುಟ್ಟಿದಾಕಿಗೇ ಮಾಟಾ?" ಹಣಮಂತ್ರಾಯ ಎರಡು ಹೆಜ್ಜೆ ಹಿಂದೆ ಸರಿದ.

ಪುಂಡರೀಕಾಕ್ಷ ಬೂದಿಯ ಪಕ್ಕ ಕುಸಿದು ಕೂತ. ಅಳುತ್ತಳುತ್ತಲೇ ಕನ್ನಡಕ್ಕೆ ಹಿಂದಿ ಬೆರೆಸಿ ಎಲ್ಲ ಹೇಳಿದ. ಅಮಿತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ಮನೆಗೆ ಕರೆದೊಯ್ದು ಚಹಾ ಕೊಟ್ಟಳು, ಊಟಕ್ಕೂ ಕೂರಿಸಿದಳು. ಉಳಿದವರು ಪಶ್ಚಾತ್ತಾಪದಿಂದ ಅವನ ಕೋಣೆ ಗುಡಿಸಿ ಒರೆಸಲು ಹೋದರು.

ಊಟದ ನಡುವೆ ಅವನಿಗೆ ಹಲಗೆಗಳ ನೆನಪಾಯಿತು. ಕಾಗದ ಸುಟ್ಟರೇನು? ಅಚ್ಚು ಮತ್ತೆ ಹಾಕಬಹುದು. ಅಕ್ಕನ ಕಣ್ಣೇ ಹೋದರೂ ಕೆತ್ತಿದ ಗೆರೆಗಳು ಬೆರಳಿಗೆ ಸಿಗುತ್ತವಲ್ಲ! ಕಾಗದಕ್ಕಿಂತ ಇದೇ ವಾಸಿ ಅನ್ನಿಸಿ ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಕೋಣೆ ಮದುವೆಮನೆಯಂತೆ ಹೊಳೆಯುತ್ತಿತ್ತು. ಹಲಗೆಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಮನೀಶ ಏನೋ ಹೇಳಬಂದ. ಕೇಳುವ ವ್ಯವಧಾನ ಯಾರಿಗಿತ್ತು? ಗಂಟನ್ನು ಎದೆಗವಚಿಕೊಂಡು ಪುಂಡರೀಕಾಕ್ಷ ಟಿಟ್ವಾಳಾ ಲೋಕಲ್ ಹಿಡಿದ.

"ಕಣ್ಣು ಬೇಡ ಅಕ್ಕ, ಬೆರಳಲ್ಲಿ ನೋಡು," ಎಂದು ಗಂಟನ್ನು ಅವಳ ಮಡಿಲಲ್ಲಿಟ್ಟ. ಅವಳು ಗಂಟು ಬಿಚ್ಚುತ್ತಿದ್ದಂತೆ ಕಣ್ಣು ಮುಚ್ಚಿ ಆ ಹಳೆಯ ಪದ್ಯ ಶುರುಮಾಡಿದ. ಅವಳೂ ದನಿಗೂಡಿಸಲಿ ಎಂದು ಕಾದ.

"ಎಷ್ಟು ನುಣುಪು ಮಾರಾಯ!" ಅಂದಳು ಬಾಗಿ.

ಅವನು ಕಣ್ಣು ಬಿಟ್ಟ. ಹಲಗೆಗಳು ಬೋಳಾಗಿ ಹೊಳೆಯುತ್ತಿದ್ದವು. ಒಂದು ಗೆರೆಯಿಲ್ಲ, ಒಂದು ಅಕ್ಷರವಿಲ್ಲ.

ಫೋನು ಬಡಿದುಕೊಂಡಿತು. "ಕಾಕಾ, ಪಸಂದ್ ಆಯಾ?" ಮನೀಶನ ದನಿಯಲ್ಲಿ ಪುಣ್ಯ ಕಟ್ಟಿಕೊಂಡವನ ಸಂಭ್ರಮ. ಹಲಗೆಯೆಲ್ಲ ಗೀರುಬಿದ್ದು ಹಾಳಾಗಿತ್ತಂತೆ. ಕೆಳಮನೆಯಲ್ಲಿ ಕೆಲಸಕ್ಕಿದ್ದ ಬಡಗಿಯಿಂದ ಮೆಷೀನು ಹೊಡೆಸಿ ಹೊಸದು ಮಾಡಿಸಿದ್ದನಂತೆ.

"ತರಕಾರಿ ಹೆಚ್ಚಲಿಕ್ಕೆ ಒಂದು ಹಲಗೆ ಬೇಕು ಅಂತ ಹೇಳ್ತಾನೇ ಇದ್ದೆ," ಬಾಗಿ ಅದನ್ನು ಸವರುತ್ತಲೇ ಇದ್ದಳು. "ನಿನಗಾದ್ರೂ ನೆನಪಿತ್ತಲ್ಲ."

"ಹೂಂ," ಅಂದ ಪುಂಡರೀಕಾಕ್ಷ. "ಪುಸ್ತಕ ಮಾತ್ರ ಸ್ವಲ್ಪ ತಡ ಆಗ್ತದೆ ಅಕ್ಕ."

"ಅವಸರ ಎಂತದೂ ಇಲ್ಲ. ಮೊನ್ನೆಯಿಂದ ಕೆಂಪೂ ಕಾಣುವುದಿಲ್ಲ." ಅವಳು ತಡಕಾಡಿ ಬುಟ್ಟಿಯಿಂದ ಬದನೆಕಾಯಿ ತೆಗೆದು ಅವನ ಕೈಗಿಟ್ಟಳು. "ಹೆಚ್ಚಿ ಕೊಡು. ಬೆರಳು ಜಾಗ್ರತೆ."