ಶಿಗ್ಗಾಂವದ ಇಂಟರ್ನ್‌ಚಿಪ್ಪು

ಗೊಂದಲವನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದು ತಾನೇ ಬಸ್ ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಬಿಸಿಎ ಕೊನೆಯ ಸೆಮಿಸ್ಟರಿನಲ್ಲಿ ಸಾಫ್ಟ್‌ವೇರ್ ಇಂಟರ್ನ್‌ಶಿಪ್ ಮಾಡುವಾಗಲಂತೂ ಆಡೂರಿನಿಂದ ಶಿಗ್ಗಾಂವದವರೆಗೆ ದಿನಾ ನನ್ನ ಪಕ್ಕದ ಸೀಟಿನಲ್ಲೇ ಕುಳಿತು ಬರುತ್ತಿತ್ತು. ಮೂರು ತಿಂಗಳಾದ ಮೇಲೆ ಕಾಲೇಜಿನ ಗೈಡ್ ಸರ್ ಬಂದು ಕೆಲಸ ನೋಡಿ ಸಹಿ ಹಾಕಬೇಕು. ಹಾಕಿದರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ. ಆ ಹೆದರಿಕೆ ಮೊದಲ ದಿನದಿಂದಲೇ ಇತ್ತು.

ಚಿಪ್ಪು

ಅವ್ವ ಸಂಭ್ರಮದಿಂದ ಬಾಜೂಮನೆ ಅಜ್ಜಿಗೆ ಸುದ್ದಿ ಮುಟ್ಟಿಸಿದಳು.

“ನಮ್ಮಾಕಿಗೆ ಶಿಗ್ಗಾಂವದಾಗ ಇಂಟರ್ನ್‌ಚಿಪ್ಪು ಸಿಕ್ಕೈತ್ರಿ.”

“ಪಗಾರ ಎಷ್ಟವಾ?”

“ಪಗಾರಿಲ್ರಿ. ಕಲಿಯೂದು ಅಷ್ಟ.”

“ಊಟ?”

“ಬುತ್ತಿ ನಾನ ಕಟ್ಟಿ ಕಳಸ್ತೇನ್ರಿ.”

ಅಜ್ಜಿ ಎಲೆಗೆ ಸುಣ್ಣ ಹಚ್ಚಿದಳು. “ಹಂಗಾರ ಹೆಸರು ಬರೋಬ್ಬರಿ ಇಟ್ಟಾರ ಬಿಡು. ಇಂಟರ್ನ್ ಅಂದ್ರ ಏನೋ ನನಗ ಗೊತ್ತಿಲ್ಲ, ಚಿಪ್ಪಂತೂ ಖರೆ.”

ಬಗ್

ಕಂಪನಿ ಇದ್ದದ್ದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ಎರಡು ಕೋಣೆ, ನಾಲ್ಕು ಕಂಪ್ಯೂಟರ್, ಎಲ್ಲವನ್ನೂ ನಡೆಸುವ ಒಬ್ಬ ಸರ್. ಮೊದಲ ದಿನ ನಾನು ಕುರ್ಚಿಯ ತುದಿಯಲ್ಲಿ ಕುಳಿತಿದ್ದಾಗ ಸರ್ ಆಚೆ ಕೋಣೆಯಿಂದ ಕೂಗಿದರು. “ಏ ತಂಗಿ, ಬಗ್ ನೋಡು, ಲಗೂನ!”

ಬಗ್ಗಿದೆ. ಏನೂ ಕಾಣಲಿಲ್ಲ. ಮೇಜಿನ ಕೆಳಗೇ ಹೋದೆ. ಅಲ್ಲಿ ವೈರು, ಧೂಳು, ಒಂಟಿ ಚಪ್ಪಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟರಲ್ಲಿ ಸರ್ ಬಂದರು.

“ಅಲ್ಲೇನ್ ಮಾಡಾಕತ್ತೀ?”

“ಬಗ್ಗಿ ನೋಡಾಕತ್ತೇನ್ರಿ ಸರ್.”

“ಪ್ರೋಗ್ರಾಮಿನ್ಯಾಗ ಬಗ್ ಐತಿ ಅಂದ್ನವಾ!”

ಬಗ್ ಎಂದರೆ ಪ್ರೋಗ್ರಾಮಿನ ದೋಷ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವಳು ನಾನು. “ಪುಸ್ತಕದಾಗ ಅದು ಇಂಗ್ಲಿಷಿನ್ಯಾಗ ಇತ್ರಿ ಸರ್” ಎಂದೆ, ಮೇಜಿನ ಕೆಳಗಿನಿಂದಲೇ.

ಸರ್ ನಿಟ್ಟುಸಿರು ಬಿಟ್ಟರು. “ಹೊರಗ ಬಾ. ಬರೂ ಮುಂದ ಆ ಚಪ್ಪಲಿ ತಗೊಂಡು ಬಾ. ಎಂಟ್ ದಿನದಿಂದ ಹುಡುಕಾಕತ್ತೇನಿ.”

ಗುಂಡಿ

ನಾವು ಮಾಡುತ್ತಿದ್ದದ್ದು ಗೋವಿನಜೋಳದ ಕಾಳು ಬಿಡಿಸುವ ರಾಶಿ ಮಷಿನ್ನಿನ ಆ್ಯಪ್. ರೈತರು ಮೊಬೈಲಿನಲ್ಲಿ ಮಷಿನ್ ಕರೆಯಬೇಕು, ಡ್ರೈವರ್ ಹೋಗಿ ರಾಶಿ ಮಾಡಿಕೊಡಬೇಕು. ಆ್ಯಪಿನ ಗುಂಡಿಗಳಿಗೆ ಕನ್ನಡ ಹಾಕುವ ಕೆಲಸ ನನ್ನದು. ಲಾಗೌಟ್‌ಗೆ “ಹೊರಗೆ ಹೋಗಿ” ಎಂದು ಹಾಕಿದೆ.

ತಡಸದಿಂದ ಬಂದಿದ್ದ ಮಷಿನ್ ಮಾಲಕರು ಅದನ್ನು ಓದಿ ಕೆಂಪಾದರು. “ಯಾರಿಗ್ ಹೊರಗ ಹೋಗು ಅಂತೈತಿ ಇದು? ನಂದಿನ್ನ ಚಾ ಸುದ್ದಾ ಮುಗದಿಲ್ಲ!”

“ಹೋಗ್ತೇನಿ” ಎಂದು ಬದಲಿಸಿದೆ. ಈಗ ಅವರ ಜೊತೆ ಬಂದಿದ್ದ ವಯಸ್ಸಾದ ಡ್ರೈವರ್ ಬೆರಳು ಹಿಂದಕ್ಕೆಳೆದುಕೊಂಡ. “ಯವ್ವಾ, ಹೋಗ್ತೇನಿ ಅನಬಾರ್ದು. ಮನ್ಯಾಗ ಹೆಂಡ್ತಿ ಮಕ್ಕಳು ಅದಾರ.”

“ಮತ್ತ ಹೋಗಬೇಕಾದ್ರ ಏನಂತೀರಿ?”

“ಬರ್ತೇನಿ ಅಂತೇನಿ.”

“ಬರ್ತೇನಿ” ಎಂದು ಹಾಕಿದೆ. ಡ್ರೈವರ್ ಖುಷಿಯಾಗಿ ನಾಲ್ಕು ಸಲ ಒತ್ತಿದ. “ಈಗ ನೋಡ್ರಿ, ಮಷಿನ್ನಿಗೂ ಮಾತಾಡೂ ಪದ್ಧತಿ ಬಂತು.”

ಸಹಿ

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಡ್ರೈವರ್ ಒತ್ತಿದ್ದು ರೈತರಿಗೂ ತಿಳೀಬೇಕು” ಎಂದರು ಮಾಲಕರು. ಡ್ರೈವರ್ ಯಾವ ಗುಂಡಿ ಒತ್ತಿದರೂ ಅದರ ಮೇಲಿನ ಮಾತು ರೈತರಿಗೆ ಮೆಸೇಜಾಗಿ ಹೋಗುವಂತೆ ನಾನು ಮಾಡಿಟ್ಟೆ.

ಮೂರು ತಿಂಗಳು ಮುಗಿದು ಗೈಡ್ ಸರ್ ಬಂದರು. ಹಣೆ ತುಂಬ ವಿಭೂತಿ, ಮುಖದಲ್ಲಿ ನಗು ಇಲ್ಲ. ಕುಳಿತವರೇ ಹೇಳಿದರು: “ಸರಿ ಇದ್ರ ಇವತ್ತ ಸಹಿ. ಇಲ್ಲಂದ್ರ ಮುಂದಿನ ಸೋಮವಾರ ಮತ್ತ ಬರ್ತೇನಿ, ಎಲ್ಲಾ ಹೊಸದಾಗಿ ಮಾಡಿ ತೋರಸಬೇಕು.”

ತೋರಿಸತೊಡಗಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಾಲಕರ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಒಬ್ಬ ರೈತ ಗುಡುಗಿದ.

“ನಿಮ್ಮ ಡ್ರೈವರ್ ಬರ್ತೇನಿ ಅಂತ ಮೆಸೇಜ್ ಬಿಟ್ಟು ಎರಡು ತಾಸಾತು. ಎಂಟು ಮಂದಿ ಕೈ ಕಟ್ಕೊಂಡು ಕುಂತೇವಿ. ಎಲ್ಲಿ ಅದಾನ?”

ಮಾಲಕರು ಡ್ರೈವರನಿಗೆ ಫೋನ್ ಹಚ್ಚಿದರು.

“ಎಲ್ಲಿ ಅದಿ?”

“ಮನ್ಯಾಗ. ಉಣ್ಣಾಕತ್ತೇನ್ರಿ.”

“ಬರ್ತೇನಿ ಅಂದಿಯಲ್ಲೋ!”

“ಹೋಗಾಕತ್ತಿದ್ನ್ರಿ, ಅದಕ್ಕ ಬರ್ತೇನಿ ಅಂದೆ. ಬರಾವಿದ್ದಿದ್ರ ಯಾಕ ಬರ್ತೇನಿ ಅಂತಿದ್ನಿ, ಸುಮ್ನ ಬರ್ತಿದ್ನಿ!”

ಅಳುವುದೊಂದು ಬಾಕಿ. ಕೂಡಲೇ ಆ ಗುಂಡಿಯಿಂದ ಮೆಸೇಜ್ ಹೋಗುವುದನ್ನು ನಿಲ್ಲಿಸಿ, ಇನ್ನೊಮ್ಮೆ ಒತ್ತಿ ತೋರಿಸಿದೆ. ಡ್ರೈವರ್ ಕೈ ತೊಳೆದು ಹೊಲಕ್ಕೆ ಹೊರಟ. ಗೈಡ್ ಸರ್ ಫೈಲಿನಲ್ಲಿ ಏನೋ ಬರೆದರು, ಮುಚ್ಚಿದರು, ಬಗಲಲ್ಲಿಟ್ಟುಕೊಂಡು ಎದ್ದರು. ಬಾಗಿಲಲ್ಲಿ ನಿಂತು ಹೇಳಿದರು.

“ಬರ್ತೇನವಾ.”

ಸಹಿ ಆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಓಡಿಹೋಗಿ ಅಡ್ಡ ನಿಂತೆ.

“ಸರ್, ಇದು ಬರೂ ಬರ್ತೇನಿ ಏನ್ರಿ, ಹೋಗೂ ಬರ್ತೇನಿ ಏನ್ರಿ?”

ಗೈಡ್ ಸರ್ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಮೇಲಿನ ದೇವರ ಫೋಟೊ ನೋಡಿ ಗಲ್ಲ ಗಲ್ಲ ಬಡಿದುಕೊಂಡರು. ನನ್ನ ಕಿವಿಯ ಹತ್ತಿರ ಬಗ್ಗಿ, ದೇವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

“ಹೋಗ್ತೇನಿ.”