ವಾಕ್ಯ ಮುಗಿಯುವವರೆಗೆ ಕಾಯದ ನೀರಿನ ಪರವಾಗಿ ಒಂದು ಕ್ಷಮಾಪಣೆ

ವಿಷಯವನ್ನೂ ಇಂಗ್ಲಿಷನ್ನೂ ಒಂದೇ ತರಗತಿಯಲ್ಲಿ ಕಲಿಸುವ ಸಮನ್ವಯ ಯೋಜನೆಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಸಮಿತಿಯವರೂ ಮನೆಮಂದಿಯೊಡನೆ ಕ್ಷೇಮವಾಗಿದ್ದೀರೆಂದೂ, ತಮ್ಮ ಕೊಠಡಿ ಮೂರನೆಯ ಮಹಡಿಯಲ್ಲಿರುವುದರಿಂದ ಕಳೆದ ಮಂಗಳವಾರದ ನೀರು ಅಲ್ಲಿಯವರೆಗೆ ಏರಲಿಲ್ಲವೆಂದೂ ನಂಬಿದ್ದೇನೆ. ನೆಲಮಹಡಿಯ ನೀರಿನ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಪೈಪು ಒರೆಸಿಕೊಂಡು, ವಾಷರ್ ಬದಲಿಸಿಕೊಂಡು ಬಂದಿರುವ ಸಹಾಯಕಿ ನಾನು. ಈ ಪತ್ರವನ್ನು ತಮ್ಮ ಕೈಗೇ ಕೊಡಬಹುದಿತ್ತು. ಆದರೆ ತಮ್ಮ ಕಚೇರಿಯ ಅರ್ಜಿ ನಮೂನೆಯಲ್ಲಿ ಎರಡೇ ಸಾಲಿನ ಜಾಗವಿದೆ, ನನಗೆ ತಮ್ಮನ್ನು ಹೊಗಳುವುದಕ್ಕೇ ಅಷ್ಟು ಸಾಲದು. ಹಾಗಾಗಿ ಕ್ಯಾಂಟೀನಿನ ಪಕ್ಕದ ಫಲಕಕ್ಕೆ ಅಂಟಿಸಿದ್ದೇನೆ.

ಪಾಠ ಬೇರೆ, ಭಾಷೆ ಬೇರೆ ಎಂದು ಒದ್ದಾಡುತ್ತಿದ್ದ ಮಕ್ಕಳಿಗೆ ಪಂಪಿನ ಮೇಷ್ಟ್ರನ್ನೂ ಇಂಗ್ಲಿಷ್ ಮೇಡಮ್ಮನ್ನೂ ಒಂದೇ ಮೇಜಿನ ಮುಂದೆ ನಿಲ್ಲಿಸಿ, ವಸ್ತುವಿನ ಜೊತೆಗೇ ಮಾತನ್ನೂ ಕಲಿಯಿರಿ ಎಂದಿರಲ್ಲ, ಅದಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಪಂಪಿನ ಮುಚ್ಚಳದ ಮೇಲೆ. ಈಗ ಇಲ್ಲೇ ಕೊನೆಯ ವರ್ಷ ಓದುತ್ತಿರುವ ನನ್ನ ಮೊಮ್ಮಗಳು ಚಿಕ್ಕವಳಿದ್ದಾಗ ರಜೆಯಲ್ಲಿ ಇದೇ ಪ್ರಯೋಗಾಲಯದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಯಂತ್ರದ ಕೈಪಿಡಿಯನ್ನು ತಡವರಿಸುತ್ತಾ ಓದುತ್ತಿದ್ದಳು. ಅವಳು ಪದ ಹೇಳಿದರೆ ನಾನು ಭಾಗ ತೋರಿಸುತ್ತಿದ್ದೆ. ಅಜ್ಜಿ ಮೊಮ್ಮಗಳು ಬಕೆಟ್ಟಿನ ಮೇಲೆ ಕಂಡುಕೊಂಡದ್ದನ್ನು ತಾವು ಕೇವಲ ಮೂರು ವಿಚಾರ ಸಂಕಿರಣಗಳಲ್ಲಿ ಕಂಡುಹಿಡಿದಿರಿ ಎಂದರೆ ಸಾಮಾನ್ಯವೇ?

ಆದರೆ ತಾವು ಅಲ್ಲಿಗೇ ನಿಲ್ಲಲಿಲ್ಲ. ‘ಮೊದಲು ವಾಕ್ಯ, ಆಮೇಲೆ ಕೈ’ ಎಂದು ಗೋಡೆಯ ಮೇಲೆ ಬರೆಸಿದಿರಿ. ಏನು ಮಾಡಲಿದ್ದೇನೆ, ಏಕೆ ಮಾಡಲಿದ್ದೇನೆ ಎಂಬುದನ್ನು ಪೂರ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳದೆ ವಿದ್ಯಾರ್ಥಿ ಏನನ್ನೂ ಮುಟ್ಟುವಂತಿಲ್ಲ. ಹೇಳದೆ ಮಾಡಿದ ಕೆಲಸ ಮಾಡಿದಂತೆಯೇ ಅಲ್ಲ. ಕಲಿಯುವ ದಿನಗಳಲ್ಲಿ ಇದರಿಂದ ಒಳ್ಳೆಯದೇ ಆಯಿತು, ಸುಳ್ಳೇಕೆ ಹೇಳಲಿ, ಕಂಡಕಂಡದ್ದಕ್ಕೆಲ್ಲ ಸ್ಪ್ಯಾನರ್ ಹಾಕುವ ಹುಡುಗರ ಚಾಳಿ ನಿಂತಿತು.

ಮಂಗಳವಾರ ಕೊನೆಯ ಪ್ರಾಯೋಗಿಕ ಪರೀಕ್ಷೆ. ನನ್ನ ಮೊಮ್ಮಗಳಿಗಿಂತ ಮುಂಚೆ ಬಂದ ಹುಡುಗ, ಪಂಪು ಓಡುತ್ತಿರುವಾಗ ಯಾವ ವಾಲ್ವನ್ನು ಮುಚ್ಚಬಾರದು ಎಂಬುದನ್ನು ರೇಡಿಯೋದವರಂತೆ ಸೊಗಸಾಗಿ ವಿವರಿಸಿ, ಅದೇ ವಾಲ್ವನ್ನು ಮುಚ್ಚಿ, ವಂದಿಸಿ ಹೋದ. ಅವನಿಗೆ ನಲವತ್ತಕ್ಕೆ ಮೂವತ್ತೊಂದು ಬಂತು. ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಮನೆಯ ಹುಡುಗ. ಒಳಗೆ ಒತ್ತಡ ಏರುತ್ತಾ ಏರುತ್ತಾ ನನ್ನ ಮೊಮ್ಮಗಳು ಮೇಜಿನ ಹತ್ತಿರ ಬರುವ ಹೊತ್ತಿಗೆ ಪೈಪಿನ ಜಾಯಿಂಟು ಕಿತ್ತುಕೊಂಡು ನೀರು ಸೂರಿಗೆ ಚಿಮ್ಮಿತು. ಮೇಷ್ಟ್ರು ಉತ್ತರಪತ್ರಿಕೆಗಳನ್ನು ತಲೆಯ ಮೇಲಿಟ್ಟುಕೊಂಡು ಸ್ಟೂಲು ಹತ್ತಿದರು. ಪರೀಕ್ಷೆಯ ವೇಳೆ ಸಹಾಯಕರು ಏನನ್ನೂ ಮುಟ್ಟಕೂಡದೆಂಬ ತಮ್ಮ ಆಜ್ಞೆಯಂತೆ, ಅದರಲ್ಲೂ ಪರೀಕ್ಷೆಗೆ ನಿಂತವಳು ನನ್ನ ಮೊಮ್ಮಗಳೇ ಆದ್ದರಿಂದ, ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೇ ಇದ್ದೆ. ಆಕೆ ವಾಕ್ಯಕ್ಕೆಂದು ಬಾಯಿ ತೆರೆದಳು. ಬಾಯಿಗೆ ನೀರು ನುಗ್ಗಿತು. ಬಾಯಿ ಮುಚ್ಚಿ, ಓಡಿ, ನೀರು ಒಳಬರುವ ದೊಡ್ಡ ವಾಲ್ವನ್ನು ಎರಡೂ ಕೈಯಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

ಅಂಕಪಟ್ಟಿಯಲ್ಲಿ ಹೀಗಿದೆ: ‘ಕ್ರಿಯೆ ಸರಿ. ವಾಕ್ಯವಿಲ್ಲ. ಆದ್ದರಿಂದ ಕ್ರಿಯೆಯನ್ನು ಪರಿಗಣಿಸಿಲ್ಲ. ಸೊನ್ನೆ.’

ಮನೆಯಲ್ಲಿ ಅವಳಮ್ಮ, “ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೇ? ಎರಡು ಮಾತು ಉದುರಿಸಿದ್ರೆ ಗಂಟೇನು ಹೋಗ್ತಿತ್ತು?” ಎಂದು ರೇಗಿದಳು. ಮಗು ಒದ್ದೆ ತಲೆ ಒರೆಸಿಕೊಳ್ಳುತ್ತಾ, “ವಾಕ್ಯ ಗೊತ್ತಿತ್ತಮ್ಮ. ಹೇಳ್ತಾ ನಿಂತಿದ್ರೆ ನೀರು ಸ್ವಿಚ್ ಬೋರ್ಡಿಗೆ ಬೀಳ್ತಿತ್ತು. ಅದರ ಕೆಳಗೇ ಅಜ್ಜಿ ನಿಂತಿದ್ರು” ಎಂದಳು. ಅವಳಮ್ಮ ಟವೆಲು ಕಿತ್ತುಕೊಂಡು ತಾನೇ ಮಗಳ ತಲೆ ಒರೆಸತೊಡಗಿದಳು. ಮುಂದಿನ ತಿಂಗಳು ನಗರದ ನೀರು ಸರಬರಾಜು ಕಚೇರಿಯಲ್ಲಿ ಮೊಮ್ಮಗಳು ತರಬೇತಿಗೆ ಸೇರಬೇಕು. ಈ ಸೊನ್ನೆ ಹಾಗೆಯೇ ಉಳಿದರೆ ಆ ಜಾಗ ಬೇರೆಯವರ ಪಾಲು, ಇವಳಿಗೆ ಇನ್ನೊಂದು ವರ್ಷ ಇದೇ ಬೆಂಚು.

ತಪ್ಪು ನೀರಿನದೇ ಎಂದು ನಾನು ಒಪ್ಪುತ್ತೇನೆ. ಇಷ್ಟು ವರ್ಷ ವಿಶ್ವವಿದ್ಯಾಲಯದ ಪೈಪಿನಲ್ಲೇ ಹರಿದರೂ ಅದಕ್ಕೆ ಒಂದು ಶಿಸ್ತು ಬರಲಿಲ್ಲ. ಆದ್ದರಿಂದ ವಿದ್ಯಾರ್ಥಿಯ ವಾಕ್ಯ ಮುಗಿಯುವವರೆಗೆ ಗಾಳಿಯಲ್ಲೇ ನಿಂತಿರಬೇಕೆಂದು ನೀರಿಗೆ ಒಂದು ಸುತ್ತೋಲೆ ಹೊರಡಿಸಬೇಕಾಗಿಯೂ, ಜಾಯಿಂಟುಗಳು ಕಿತ್ತುಕೊಳ್ಳುವ ಮೂರು ದಿನ ಮುಂಚೆ ಲಿಖಿತ ನೋಟಿಸು ಕೊಡುವಂತೆ ಮಾಡಬೇಕಾಗಿಯೂ, ಕರೆಂಟಿಗೂ ಒಂದು ಸಂಜೆ ತರಗತಿ ಏರ್ಪಡಿಸಬೇಕಾಗಿಯೂ ಬೇಡಿಕೊಳ್ಳುತ್ತೇನೆ. ಇವು ಸದ್ಯಕ್ಕೆ ಆಗದಿದ್ದರೆ, ಗುರುವಾರದ ಮರುಪರಿಶೀಲನೆಯಲ್ಲಿ ನನ್ನ ಮೊಮ್ಮಗಳನ್ನು ಅದೇ ಮೇಜಿನ ಮುಂದೆ ನಿಲ್ಲಿಸಿ, ಮೊದಲು ಕೈಯನ್ನು ನೋಡಿ, ಆಮೇಲೆ ಮಾತು ಕೇಳಿ. ಇಂಗ್ಲಿಷಿನಲ್ಲೇ ಕೇಳಿ, ಒಂದು ಗಂಟೆ ಬೇಕಾದರೂ ಹೇಳುತ್ತಾಳೆ. ಬಕೆಟ್ಟಿನ ಮೇಲೆ ಕಲಿತದ್ದು ಎಲ್ಲಿಗೆ ಹೋಗುತ್ತದೆ? ನಾನು ಬಾಗಿಲಾಚೆ ಇರುತ್ತೇನೆ.

ನೆಲ ಇನ್ನೂ ಒರೆಸುತ್ತಲೇ ಇರುವ,
ತಮ್ಮ ವಿಶ್ವಾಸಿ,
ಮಕ್ಕಳ ಬಾಯಲ್ಲಿ ‘ನಲ್ಲಿಯಜ್ಜಿ’

ತಾ.ಕ.: ಒಂದು ಸಂಗತಿ ಬರೆಯುವುದು ಬಿಟ್ಟೇಹೋಗಿತ್ತು. ಮೊಮ್ಮಗಳು ವಾಲ್ವಿಗೆ ಕೈ ಹಾಕುವ ಮುಂಚೆ ಆ ಕೋಣೆಯಲ್ಲಿ ಒಂದು ವಾಕ್ಯ ಹೊರಟದ್ದು ನಿಜ. ಹೇಳಿದವರು ಕಿಟಕಿಕಟ್ಟೆ ಹತ್ತಿದ್ದ ಇಂಗ್ಲಿಷ್ ಮೇಡಮ್ಮು: “ಅಯ್ಯಯ್ಯೋ, ನಿಲ್ಸೇ ನನ್ ತಾಯೀ, ಬೇಗ!” ಪರೀಕ್ಷಾ ಕೊಠಡಿಯಲ್ಲಿ ಅಂಥ ಮಾತು ಆಡಿದ್ದಕ್ಕೆ ದಯವಿಟ್ಟು ಅವರ ಅಂಕ ಕಡಿಯಬೇಡಿ, ಪಾಪ, ಒಳ್ಳೆಯ ಹೆಣ್ಣುಮಗಳು. ನನ್ನನ್ನು ಕೇಳಿದರೆ ಹತ್ತಕ್ಕೆ ಹತ್ತು ಕೊಡುತ್ತೇನೆ. ಎಲ್ಲರಿಗೂ ಅರ್ಥವಾಯಿತು, ಮತ್ತು ನೀರು ನಿಂತಿತು.