ಹಡಗಿಗೆ ಪಕಾಸಿಲ್ಲ

ವಾದದಲ್ಲಿ ಗೆದ್ದವನಿಗೆ ಪಾರಿತೋಷಕ ಕೊಡುವ ಪದ್ಧತಿ ಕಾಲೇಜಿನಲ್ಲಿದೆ, ಸಂಸಾರದಲ್ಲಿಲ್ಲ. ಈ ಸತ್ಯ ತಿಳಿಯುವ ಮೊದಲೇ ನಾನು ಮದುವೆಯಾಗಿದ್ದೆ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಬೆಳ್ಳಿಬಣ್ಣದ ಕಪ್ಪುಗಳು ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಅತಿ ದೊಡ್ಡದು ಮಾತ್ರ ಅಡುಗೆಮನೆಗೆ ವರ್ಗವಾಗಿದ್ದು, ನನ್ನ ಹೆಂಡತಿ ಸುಜಾತ ಅದರಲ್ಲಿ ಕುಚ್ಚಲಕ್ಕಿ ಅಳೆಯುತ್ತಾಳೆ. 'ಸ್ತ್ರೀ ಸ್ವಾತಂತ್ರ್ಯ' ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದ ಕಪ್ಪು ಅದು. ಲೋಕದ ಯಾವುದೇ ಅನ್ಯಾಯದ ಎದುರು ಸರಿಯಾದ ಪೀಠಿಕೆ, ಮೂರು ಬಲವಾದ ಅಂಶಗಳು ಮತ್ತು ಗಂಭೀರವಾದ ಉಪಸಂಹಾರ ಇಟ್ಟರೆ ಆ ಅನ್ಯಾಯ ತಾನಾಗಿ ಎದ್ದು ಹೋಗುತ್ತದೆ ಎಂದು ನಂಬಿದವನು ನಾನು. ಬ್ರಹ್ಮಾವರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ, ಬಿಡುವಿನಲ್ಲಿ ಸಮಾಜವನ್ನು ತಿದ್ದುತ್ತಾ, ಕುಂದಾಪುರದ ಕೋಡಿಯಲ್ಲಿರುವ ಅತ್ತೆಯ ಮನೆಗೆ ವಾರಕ್ಕೊಮ್ಮೆ ಹೋಗಿ ಬರುತ್ತಾ ನೆಮ್ಮದಿಯಿಂದಿದ್ದೆ. ಆಗ ಬಂತು ಹಡಗು.

ಹಡಗು ಬಂದದ್ದು ಫೋನಿನಲ್ಲಿ. ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವ ನನ್ನ ಭಾವಮೈದುನ ಗಣೇಶ ಮನೆಮಂದಿಗೆಲ್ಲ ಲಕ್ಷದ್ವೀಪಕ್ಕೆ ಹೋಗಿಬರುವ ವಿಹಾರ ನೌಕೆಯಲ್ಲಿ ಟಿಕೇಟು ಮಾಡಿಸಿಬಿಟ್ಟಿದ್ದ. ಅವನ ಹೆಂಡತಿ ಪ್ರೇಮಾ ಬೈಂದೂರಿನವಳು. ತವರಿನ ಬಾಣಂತನ ಮುಗಿಸಿ, ತೆವಳಲು ಕಲಿತ ಅವಳಿಮಕ್ಕಳಾದ ಚಿನ್ನು, ಮುನ್ನು ಎಂಬವರೊಂದಿಗೆ ಆಗಷ್ಟೇ ಕೋಡಿಯ ಮನೆಗೆ ಬಂದಿದ್ದಳು. ನಮ್ಮ ಮಗಳು ಇಂಚರಳಿಗೆ ಎರಡು ದಾಟಿತ್ತು. ಎಲ್ಲವನ್ನೂ ನೀರಿಗೆ ಹಾಕಿ ಪರೀಕ್ಷಿಸುವ ವಯಸ್ಸು. ಇಂಥ ಮೂವರನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋಗುವುದೇ ಎಂದು ನಾನು ಕೇಳಿದಾಗ ಗಣೇಶ ನಕ್ಕು, "ಅಬ್ಬಿ ಇದ್ರಲೆ ಭಾವ, ಮಕ್ಳ್ ಚಿಂತೆ ನಮ್ಗೆಂತಕ್ಕೆ?" ಎಂದ. ಆ ಮಾತಿನಲ್ಲಿ ಅಡಗಿದ್ದ ತರ್ಕದೋಷ ಚರ್ಚಾಪಟುವಾದ ನನ್ನ ಕಿವಿಗೆ ಬೀಳಲಿಲ್ಲ. ನಾನೂ ನೆಮ್ಮದಿಯಿಂದ ಹೂಂಗುಟ್ಟಿದೆ.

ಅಬ್ಬಿ ಎಂದರೆ ನನ್ನ ಅತ್ತೆ ಗುಲಾಬಿಯಕ್ಕ. ಬಂದರಿನಲ್ಲಿ ಮೀನು ಹಿಡಿದ ದೋಣಿಗಳು ದಡ ಸೇರುವಾಗ ಬುಟ್ಟಿ ಹಿಡಿದು ನಿಲ್ಲುವವರಲ್ಲಿ ಅವರು ಮೊದಲಿಗರು. ಅಪ್ಪ, ಗಂಡ, ಗಂಡನ ತಮ್ಮಂದಿರು ಎಲ್ಲರೂ ಕಡಲಿಗೆ ಹೋದವರೇ. ಆದರೆ ಅತ್ತೆ ಮಾತ್ರ ಹುಟ್ಟಿದಂದಿನಿಂದ ಒಂದು ದೋಣಿಗೂ ಕಾಲಿಟ್ಟವರಲ್ಲ. ಮೀನಿನ ದೋಣಿಯನ್ನು ಹೆಂಗಸರು ಹತ್ತುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಮೀನು ಕೊಳ್ಳಬಹುದು, ಮಾರಬಹುದು, ದೋಣಿಗೆ ಪೂಜೆಯ ದಿನ ಹೂವು ಕಟ್ಟಬಹುದು, ಹತ್ತುವಂತಿಲ್ಲ. ಇದು ನನಗೆ ಹೊಳೆದ ಕ್ಷಣ ನಾನು ರೋಮಾಂಚಿತನಾದೆ. ಶತಮಾನಗಳ ಅನ್ಯಾಯವೊಂದು ನನ್ನ ಸ್ವಂತ ಅತ್ತೆಯ ಮನೆಯ ಜಗಲಿಯಲ್ಲೇ ಕುಳಿತು ಎಲೆಯಡಿಕೆ ಹಾಕುತ್ತಿದ್ದರೂ ನಾನು ಊರೂರು ಅಲೆದು ಭಾಷಣ ಮಾಡಿದ್ದೆನಲ್ಲ!

ಅತ್ತೆಯ ಉತ್ತರ ಮಾತ್ರ ಚಿಕ್ಕದಾಗಿತ್ತು. "ನಾ ಬತ್ತಿಲ್ಲೆ."

ನಾನು ಬಿಡಲಿಲ್ಲ. ಅವರು ಅಂಗಳದಲ್ಲಿ ಬಂಗುಡೆ ಕೊಯ್ಯುತ್ತಿದ್ದಾಗ ಎದುರಿಗೆ ನಿಂತು ಸಮಾನತೆಯ ಕುರಿತು ಮಾತಾಡಿದೆ. ಅವರು ಕೊಯ್ದ ತಲೆಗಳನ್ನು ಒಂದೊಂದಾಗಿ ಬೆಕ್ಕಿಗೆ ಎಸೆಯುತ್ತಾ ಕೇಳಿಸಿಕೊಂಡರು. ಉಪಸಂಹಾರಕ್ಕೆ ಬರುವಾಗ ಬೆಕ್ಕು ತೃಪ್ತಿಯಿಂದ ಮುಖ ತೊಳೆಯುತ್ತಿತ್ತು. "ಹ್ವಾಯ್ ಮಾಸ್ಟ್ರೆ, ಲಾಯ್ಕ್ ಹೇಳ್ತ್ರಿ," ಎಂದರು ಅತ್ತೆ, "ಆರೆ ಸ್ವಲ್ಪ ಬದಿಗೆ ನಿಲ್ಲಿನಿ, ನೀರ್ ಹಾರತ್ತ್." ಅಳಿಯನನ್ನು ಅವರು ಮಾಸ್ಟ್ರೆ ಎಂದೇ ಕರೆಯುತ್ತಾರೆ. ಅದರಲ್ಲಿ ಗೌರವ ಎಷ್ಟು, ಎಚ್ಚರಿಕೆ ಎಷ್ಟು ಎಂಬುದನ್ನು ನಾನು ಇನ್ನೂ ನಿರ್ಧರಿಸಿಲ್ಲ.

ಅತ್ತೆ ಬರಲಿ ಬಿಡಲಿ, ಸಿದ್ಧತೆ ನಿಲ್ಲುವಂತಿರಲಿಲ್ಲ. ಶಿಶುಗಳ ಆಹಾರವನ್ನು ಬಿಟ್ಟು ಹೊರಗಿನ ತಿನಿಸು ತರಬಾರದೆಂದು ಹಡಗಿನವರ ನಿಯಮವಿತ್ತು. ನಮ್ಮ ಮನೆಯವರು ಅದನ್ನು ಓದಿದ ರೀತಿಯೇ ಬೇರೆ: ಶಿಶುಗಳ ಹೆಸರಿನಲ್ಲಿ ಏನನ್ನೂ ತರಬಹುದು. ರಾಗಿ ಮಣ್ಣಿಯ ಹಿಟ್ಟು ಸರಿ, ಬಾಳೆಕಾಯಿ ಪುಡಿ ಸರಿ. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಒಣ ಸಿಗಡಿ ಚಟ್ನಿಯೂ ಹೊರಬಿತ್ತು. "ಹಲ್ಲೇ ಬಾರದ ಮಕ್ಕಳಿಗೆ ಒಣ ಸಿಗಡಿಯೇ?" ಎಂದು ನಾನು ಸುಜಾತಳನ್ನು ಪಾಟೀಸವಾಲಿಗೆ ಒಳಪಡಿಸಿದೆ. "ಮಕ್ಳಿಗೆ ಮಣ್ಣಿ ತಿನ್ಸೋರಿಗೆ ಗಂಜಿ ಒಟ್ಟಿಗೆ ಎಂತಾರೂ ಬೇಡ್ದಾ?" ಎಂದಳು. ಸಮುದ್ರಕ್ಕೆ ಹೋಗುವಾಗ ಮನೆಯಿಂದ ಮೀನು ಕಟ್ಟಿಕೊಂಡು ಹೋಗುವ ಜನ ಭೂಮಿಯ ಮೇಲೆ ನಾವೇ ಇರಬೇಕು.

ಆದರೆ ನಿಜವಾದ ಸಂಕಟವನ್ನು ಎತ್ತಿದವಳು ಪ್ರೇಮಾ. ಚಿನ್ನು ಮುನ್ನುಗಳು ಸೀರೆಯ ತೊಟ್ಟಿಲಲ್ಲದೆ ನಿದ್ರೆ ಮಾಡಿದ್ದೇ ಇಲ್ಲ. ಹೆಂಚಿನ ಮಾಡನ್ನು ಹೊರುವ ಮರದ ಪಕಾಸಿಗೆ ಅಜ್ಜಿಯ ಹಳೆಯ ಹತ್ತಿ ಸೀರೆ ಇಳಿಬಿಟ್ಟು, ಅದರೊಳಗೆ ಮಲಗಿಸಿ ತೂಗಿದರೆ ಮಾತ್ರ ಕಣ್ಣು ಮುಚ್ಚುವ ಜಾತಿ. "ಹಡ್ಗಂಗೆ ಪಕಾಸ್ ಇರತ್ತಾ ಭಾವ?" ಎಂದು ಪ್ರೇಮಾ ಕೇಳಿದಳು. ಹಡಗಿಗೆ ಈಜುಕೊಳವಿದೆ, ನಾಟಕಶಾಲೆಯಿದೆ, ಪಕಾಸಿಲ್ಲ. ನಾನು ಆಧುನಿಕ ಶಿಶುಪಾಲನೆಯ ಪಕ್ಷಪಾತಿ. ಸಮತಟ್ಟಾದ ಹಾಸಿಗೆಯಲ್ಲಿ ಮಲಗಲು ಮಕ್ಕಳಿಗೆ ತರಬೇತಿ ಕೊಡೋಣವೆಂದೆ. ಅಂದು ಮಧ್ಯಾಹ್ನವೇ ತಾಲೀಮು ನಡೆಯಿತು. ಚಿನ್ನು ಮಾಡನ್ನು ನೋಡಿದ, ಪಕಾಸು ಕಂಡ, ಸೀರೆ ಕಾಣಲಿಲ್ಲ, ಬಾಯಿ ತೆರೆದ. ಮುನ್ನು ಅನುಮೋದಿಸಿದ. ಇಂಚರಳು ವಿಷಯ ತಿಳಿಯದಿದ್ದರೂ ಪರವಾಗಿ ಧ್ವನಿಗೂಡಿಸಿದಳು. ಪಕ್ಕದ ಮನೆಯ ಹೆಂಗಸರು ಬೇಲಿ ದಾಟಿ ಓಡಿ ಬಂದು, "ಎಂತ ಆಯ್ತ್ ಮಾರಾಯ್ರೆ, ಶಿಶು ಬಿದ್ದಿತ್ತಾ?" ಎಂದು ಗಾಬರಿಯಾದರು. "ಇಲ್ಲೆ," ಎಂದರು ಅತ್ತೆ ಒಳಗಿನಿಂದ, "ಮಾಸ್ಟ್ರ್ ನಿದ್ರೆ ಮಾಡೂಕೆ ಪಾಠ ಹೇಳ್ತಾ ಇದ್ರ್."

ಹೀಗೆ ಎಲ್ಲ ರಂಗಗಳಲ್ಲೂ ಹಿನ್ನಡೆಯಾದಾಗ ನಾನು ನನ್ನ ಕೊನೆಯ ಅಸ್ತ್ರವನ್ನು ತೆಗೆದೆ. ಭಾನುವಾರ ಊಟದ ಬಳಿಕ ಚಾವಡಿಯಲ್ಲಿ ನನಗೂ ಅತ್ತೆಗೂ ವಿಧಿಬದ್ಧವಾದ ಚರ್ಚೆ. ವಿಷಯ: 'ಗುಲಾಬಿಯಕ್ಕನವರು ಹಡಗು ಹತ್ತತಕ್ಕದ್ದು.' ಅಧ್ಯಕ್ಷತೆ ಸುಜಾತಳದು; ಬಹುಮಾನ, ಅವಳು ನಮ್ಮ ಮನೆಯಿಂದ ಅಕ್ಕಿ ತುಂಬಿಸಿ ತಂದಿದ್ದ ಆ ದೊಡ್ಡ ಕಪ್ಪು. ಪರ ಯಾರು, ವಿರೋಧ ಯಾರು ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು, ಅದು ಚರ್ಚೆಯ ಧರ್ಮ ಎಂದು ನಾನೇ ಘೋಷಿಸಿದೆ. ಇಂಚರ ಚೀಟಿ ಎತ್ತಿದಳು. ಒಂದನ್ನು ನುಂಗಿದಳು, ಉಳಿದದ್ದು ನನ್ನ ಕೈಗೆ ಬಂತು. ಅದರಲ್ಲಿ 'ವಿರೋಧ' ಎಂದಿತ್ತು.

"ಇದು ಸರಿಯಲ್ಲ, ಮತ್ತೊಮ್ಮೆ ಎತ್ತೋಣ," ಎಂದೆ. "ಧರ್ಮ ಅಂದವ್ರ್ ಯಾರ್?" ಎಂದು ಅಧ್ಯಕ್ಷೆ ಕೇಳಿದಳು. ಚರ್ಚಾಪಟುವಿಗೆ ಕಪ್ಪಿಗಿಂತ ಮಾತಿನ ಗೌರವ ದೊಡ್ಡದು. ಎದ್ದು ನಿಂತೆ. ನಿಂತ ಮೇಲೆ ನಾಲಿಗೆ ಹಳೆಯ ಅಭ್ಯಾಸಕ್ಕೆ ಬಿತ್ತು. ಹಿರಿಯರು ಮಾಡಿಟ್ಟ ಕ್ರಮ ಮುರಿಯಬಾರದೆಂದೆ. ಹೆಂಗಸರು ಹತ್ತಿದ ದೋಣಿಗೆ ಮೀನು ಬೀಳದೆಂಬ ನಂಬಿಕೆಯನ್ನು ಎತ್ತಿಹಿಡಿದೆ. ಮನೆ ಕಾಯುವವರು ಯಾರೆಂದೆ. ಕಡೆಗೆ, "ಅವರು ಕಡಲು ನೋಡುತ್ತಾ ನಿಂತರೆ ಈ ಮೂರು ಎಳೆಯ ಜೀವಗಳನ್ನು ನೋಡಿಕೊಳ್ಳುವವರು ಯಾರು?" ಎಂದು ಕೈ ಚಾಚಿ ಕಂಪಿಸುವ ದನಿಯಲ್ಲಿ ಕೇಳಿದೆ. ಇಷ್ಟು ಚೆನ್ನಾಗಿ ನಾನು ನ್ಯಾಯದ ಪರವಾಗಿ ಎಂದೂ ಮಾತಾಡಿದ್ದಿಲ್ಲ. ಪ್ರೇಮಾ ಚಪ್ಪಾಳೆಯನ್ನೂ ತಟ್ಟಿಬಿಟ್ಟಳು.

ಅತ್ತೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಅದು ಅಪಾಯದ ಸೂಚನೆ.

"ಹೆಂಗ್ಸ್ರ್ ಹತ್ತಿರೆ ಮೀನ್ ಬೀಳ್ತಿಲ್ಲೆ ಅಂದ್ರಿ. ಈ ಹಡ್ಗ್ ಮೀನ್ ಹಿಡೂಕೆ ಹೋಪುದಾ ಮಾಸ್ಟ್ರೆ?"

"ಅಲ್ಲ..."

"ಮನೆ ಕಾಯೂಕೆ ಯಾರ್ ಅಂದ್ರಿ. ಬೀಗ ಎಂತಕ್ಕೆ ಇಪ್ಪುದ್? ಹಿರಿಯರ್ ಕ್ರಮ ಅಂದ್ರಿ. ನನ್ನ ಅಪ್ಪಯ್ಯನೂ ಹಿರಿಯರೇ ಅಲ್ದಾ? ಅವ್ರ್ ಬಲೆ ಬಿಡೂಕೆ ಹೋಪತಿಗೆ ಹಗ್ಗದ ಒಂದ್ ಕೊಡಿ ದಡದಂಗೆ ನನ್ನ ಕೈಯಂಗೆ ಕೊಡ್ತಿದ್ರ್. ಸಣ್ಣ್ ಹೆಣ್ಣ್ ನಾನ್. ಸೊಂಟದ ಮಟ್ಟ ನೀರಂಗೆ ನಿಂತ್ಕಂಡ್ ಎಲ್ಲರ ಒಟ್ಟಿಗೆ ಎಳಿತಿದ್ದೆ. ನಾನೂ ಬತ್ತೆ ಅಂದ್ರೆ, ತಮ್ಮನ್ ಕಾಂಬೂಕೆ ಯಾರಿದ್ರ್ ಅಂತಿದ್ರ್. ಮೀನ್ ಬೀಳ್ತಿಲ್ಲೆ ಅಂದ್ಹೇಳಿ ಅಲ್ಲ ಮಾಸ್ಟ್ರೆ! ತಮ್ಮನ್ ಕಾಂಬೂಕೆ. ಆಮೇಲೆ ಮಕ್ಳನ್ ಕಾಂಬೂಕೆ. ಈಗ ಮೊಮ್ಮಕ್ಳ್. ಹಗ್ಗದ ಈ ಕೊಡಿ ಮಾತ್ರ ನನ್ನ ಕೈಯಂಗೆ. ಆ ಕೊಡಿಯಂಗೆ ಎಂತ ಇತ್ತ್ ಅಂದ್ಹೇಳಿ ನಾನ್ ಕಂಡದ್ದೇ ಇಲ್ಲೆ."

ಕೊಡಿ ಎಂದರೆ ತುದಿ; ಅತ್ತೆಯ ಪಾಲಿಗೆ ಬಂದದ್ದು ದಡದ ತುದಿ ಮಾತ್ರ. ಇಷ್ಟು ದಿನ 'ನಾ ಬತ್ತಿಲ್ಲೆ' ಎಂದದ್ದರ ಅರ್ಥ ಆಗ ತಿಳಿಯಿತು. ಅವರು ಹಡಗನ್ನು ಬೇಡವೆಂದಿರಲಿಲ್ಲ. ತೇಲುವ ಜಗಲಿಯೊಂದರಲ್ಲಿ ಕುಳಿತು ಮತ್ತೆ ಮಕ್ಕಳನ್ನು ತೂಗುವುದನ್ನು ಬೇಡವೆಂದಿದ್ದರು. ಗಣೇಶನ ಫೋನಿಗೆ ನಾನು ನೆಮ್ಮದಿಯಿಂದ ಹೂಂಗುಟ್ಟಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

"ನಾನ್ ಬತ್ತೆ," ಎಂದರು ಅತ್ತೆ. "ಆರೆ ನಾನ್ ಕಾಂಬುದ್ ಸಮುದ್ರ. ಮಕ್ಳನ್ ಕಾಂಬುದ್ ಯಾರ್ ಅಂದ್ಹೇಳಿ ಕೇಂಡ್ರಿಯಲೆ, ಅದೊಂದ್ ಪ್ರಶ್ನೆ ಲಾಯ್ಕಿತ್ತ್. ನೀವೇ ಕಾಣಿನಿ."

ಅಧ್ಯಕ್ಷೆ ಕಪ್ಪಿನಲ್ಲಿದ್ದ ಅಕ್ಕಿಯನ್ನು ಡಬ್ಬಕ್ಕೆ ಸುರಿದು, ಅದನ್ನು ತನ್ನ ತಾಯಿಗೆ ಕೊಟ್ಟಳು. ಹೀಗೆ ನಾನು ಜೀವನದಲ್ಲಿ ಮೊದಲ ಬಾರಿಗೆ ಚರ್ಚೆಯೊಂದನ್ನು ಸೋತೆ. ಹಿಡಿದ ಕಾರ್ಯವನ್ನು ಮಾತ್ರ ಸಂಪೂರ್ಣವಾಗಿ ಗೆದ್ದೆ. ಇತಿಹಾಸದಲ್ಲಿ ಇಷ್ಟು ಯಶಸ್ವಿಯಾದ ಸೋಲು ಇನ್ನೊಂದು ಇದ್ದರೆ ತಿಳಿದವರು ತಿಳಿಸಬೇಕು.

ಅಲ್ಲಿಂದ ನನ್ನ ತರಬೇತಿ ಆರಂಭವಾಯಿತು. ಮಣ್ಣಿ ಕದಡುವುದನ್ನು ಕಲಿತೆ. ಮೊದಲ ಪ್ರಯತ್ನದ ಗಂಟುಗಳನ್ನು ಬೆಕ್ಕೂ ಮೂಸಿ ಹಿಂದೆ ಸರಿಯಿತು. ಒಬ್ಬನಿಗೆ ಚಡ್ಡಿ ತೊಡಿಸುವಾಗ ಇನ್ನೊಬ್ಬ ತೆವಳಿ ಎಲ್ಲಿಗೆ ಹೋಗುತ್ತಾನೆಂದು ಮುಂದಾಗಿ ಊಹಿಸುವ ವಿದ್ಯೆ ಕೈವಶವಾಯಿತು. ಪ್ರತಿಪಕ್ಷದ ವಾದವನ್ನು ಮೊದಲೇ ಊಹಿಸುವ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬಂತು. ಪ್ರಯಾಣದ ಮುನ್ನ ಮನೆಯವರೆಲ್ಲ ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಹೋದಾಗ ನಾನು ವಿಚಾರವಾದಿಯಾದ್ದರಿಂದ ವೀಕ್ಷಕನಾಗಿ ಮಾತ್ರ ಹೋಗಿದ್ದೆ. ಮುನ್ನುವಿನ ಅಳು ಗಂಟೆಯ ಸದ್ದಿಗೆ ನಿಲ್ಲುತ್ತದೆಂದು ಗೊತ್ತಾದದ್ದರಿಂದ ಭಕ್ತರೆಲ್ಲರಿಗಿಂತ ಹೆಚ್ಚು ಗಂಟೆ ಬಾರಿಸಿದವನು ನಾನೇ ಆದೆ. ಹಾಲಾಡಿಯಿಂದ ಬಂದಿದ್ದ ಹಿರಿಯರೊಬ್ಬರು, "ಈ ಕಾಲದಂಗೂ ಇಷ್ಟ್ ಭಕ್ತಿ ಇಪ್ಪ ಗಂಡಸ್ರ್ ಇದ್ರಲೆ," ಎಂದು ಕಣ್ಣೊರೆಸಿಕೊಂಡರು. ಅವರನ್ನು ತಿದ್ದಲು ನನ್ನ ಎರಡು ಕೈಗಳೂ ತೆರವಿರಲಿಲ್ಲ.

ಪಕಾಸಿನ ಸಮಸ್ಯೆ ಉಳಿದೇ ಇತ್ತು. ಅದಕ್ಕೂ ಪರಿಹಾರ ಕಂಡುಕೊಂಡೆ ಎಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ. ಸೀರೆಯ ಎರಡು ತುದಿಗಳನ್ನು ಹೆಗಲ ಮೇಲೆ ತಂದು ಬೆನ್ನಿಗೆ ಗಂಟು ಹಾಕಿ, ಮಗುವನ್ನು ಎದೆಯ ಮುಂದೆ ತೂಗುಬಿಟ್ಟು, ಕಾಲು ಅಗಲಿಸಿ ಎಡಕ್ಕೂ ಬಲಕ್ಕೂ ವಾಲಿದರೆ ಸಾಕು. ಪಕಾಸು ಹುಡುಕುವುದೇಕೆ, ಪಕಾಸೇ ಆಗಬಹುದು. ಚಿನ್ನು ಮಲಗಿದ ಮೇಲೆ ಮುನ್ನು, ಮುನ್ನುವಿನ ಬಳಿಕ ತಾನೂ ಶಿಶುವೆಂದು ಹಟ ಹಿಡಿದ ಇಂಚರ.

ಮುಂಬಯಿಯಲ್ಲಿ ಹಡಗು ಹತ್ತುವ ಏಣಿಸೇತುವೆಯ ಬಳಿ ಅತ್ತೆ ಒಂದು ಕ್ಷಣ ನಿಂತರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಮವಸ್ತ್ರದ ತರುಣಿಯೊಬ್ಬಳು ಮುಗುಳ್ನಕ್ಕು ದಾರಿ ತೋರಿಸಿದಳು. ಗುಲಾಬಿಯಕ್ಕ ಬಲಗಾಲಿಟ್ಟು ಒಳಗೆ ಹೋದರು, ತಿರುಗಿ ನೋಡಲಿಲ್ಲ. ನೇರ ಮೇಲಿನ ಅಟ್ಟಕ್ಕೆ ಹೋಗಿ ಕಂಬಿ ಹಿಡಿದು ನಿಂತವರನ್ನು ಊಟಕ್ಕೆ ಕರೆಯಲು ಸುಜಾತ ಪ್ರತಿಸಲವೂ ಹೋಗಬೇಕಾಯಿತಂತೆ. ದಡ ಕರಗಿ ಕಾಣದಾದಾಗ, "ಓ, ಆ ಕೊಡಿ ಇದಾ!" ಎಂದರಂತೆ. ಅಂತೆ ಎನ್ನುತ್ತಿರುವುದೇಕೆಂದರೆ, ನಾನು ಅಲ್ಲಿರಲಿಲ್ಲ. ಗಣೇಶ ಮಾಡಿಸಿದ್ದು ಕಿಟಕಿಯಿಲ್ಲದ ಒಳಕೋಣೆ. ನಾನು ಅದರ ನಡುವೆ ಪಕಾಸಾಗಿ ನಿಂತಿದ್ದೆ. ನನ್ನನ್ನು ಬಿಡಿಸಲೆಂದು ಆಗಾಗ ಬಂದ ಗಣೇಶ, ಮಕ್ಕಳಿಗಿಂತ ಮೊದಲೇ ತಾನು ನಿದ್ರೆ ಹೋಗುತ್ತಿದ್ದ. ಹಡಗು ಎಡಕ್ಕೆ ವಾಲಿದಾಗ ನಾನು ಬಲಕ್ಕೆ, ಅದು ಬಲಕ್ಕೆ ವಾಲಿದಾಗ ನಾನು ಎಡಕ್ಕೆ. ಮೂರೂ ಮಕ್ಕಳು ಮಲಗಿ, ಕೋಣೆಯಲ್ಲಿ ಸಿಗಡಿ ಚಟ್ನಿಯ ಪರಿಮಳ ಮಾತ್ರ ಎಚ್ಚರವಾಗಿದ್ದಾಗ ನನಗಾದ ವಿಜಯದ ಭಾವ ಯಾವ ವೇದಿಕೆಯಲ್ಲೂ ಆದದ್ದಿಲ್ಲ.

ಊರಿಗೆ ಮರಳಿದ ಮೇಲೆ ಬಂದರಿನ ಹೆಂಗಸರೆಲ್ಲ ಬುಟ್ಟಿ ಬೋರಲು ಹಾಕಿ ಕುಳಿತು ಅತ್ತೆಯ ಬಾಯಿಂದ ಕಡಲನ್ನು ಕೇಳಿದರು. ಒಬ್ಬಾಕೆ ನನ್ನತ್ತ ತಿರುಗಿ, "ನೀವೆಂತ ಕಂಡ್ರಿ ಮಾಸ್ಟ್ರೆ?" ಎಂದಳು. ಲಕ್ಷದ್ವೀಪದವರೆಗೆ ಹೋಗಿ ಸಮುದ್ರ ನೋಡದೆ ಬಂದವನು ಏನು ಹೇಳಲಿ? ಅತ್ತೆಯೇ ನೆರವಿಗೆ ಬಂದರು: "ಅವ್ರ್ ದಡ ಕಾಯ್ತಿದ್ರ್."

ಕಳೆದ ತಿಂಗಳು ಬ್ರಹ್ಮಾವರದ ಸಭೆಯೊಂದರಲ್ಲಿ ಸ್ತ್ರೀ ಸಮಾನತೆಯ ಕುರಿತು ಮಾತಾಡಲು ಕರೆದಿದ್ದರು. ಈ ಬಾರಿ ಅನುಭವದ ಬಲವಿತ್ತು. ಪೀಠಿಕೆ ಮುಗಿಸಿ ಮೊದಲ ಅಂಶಕ್ಕೆ ಬಂದಾಗ ಮುಂದಿನ ಸಾಲಿನವರ ತಲೆಗಳು ಒಂದೊಂದಾಗಿ ವಾಲತೊಡಗಿದವು. ಎರಡನೆಯ ಅಂಶಕ್ಕೆ ಅಧ್ಯಕ್ಷರೂ ಕಣ್ಣು ಮುಚ್ಚಿದರು. ಆಗ ನನ್ನ ಕಾಲುಗಳತ್ತ ನೋಡಿಕೊಂಡೆ. ಅವು ಅಗಲವಾಗಿ ನಿಂತಿದ್ದವು. ಒಂದು ಕೈ ಮೈಕಿನ ಬೆನ್ನು ತಟ್ಟುತ್ತಿತ್ತು. ನಾನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲುತ್ತಿದ್ದೆ. ಹಿಂದಿನ ಸಾಲಿನಲ್ಲಿ ಎಚ್ಚರವಾಗಿದ್ದವರು ಅತ್ತೆ ಒಬ್ಬರೇ. ಅವರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಮೂರನೆಯ ಅಂಶವನ್ನು ಕೈಬಿಟ್ಟು, ಯಾರೂ ಏಳದಂತೆ ತುದಿಗಾಲಲ್ಲಿ ವೇದಿಕೆ ಇಳಿದೆ.